ಜಾಡಿಯ ನೀರು

ಪಾಪಕ್ಕ ಹಂಡೆಯನ್ನು ಬಗ್ಗಿಸಿ ಬಚ್ಚಲಿಗೆ ಸುರಿದಳು. ಬಿಂದಿಗೆಯನ್ನು ಸುರಿದಳು, ಮಡಕೆಯನ್ನು ಸುರಿದಳು, ಒಲೆಯ ಪಕ್ಕದ ಚೊಂಬಿನಲ್ಲಿದ್ದ ಗುಟುಕು ನೀರನ್ನೂ ಬಿಡಲಿಲ್ಲ. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಇರಬಾರದು. ಅವಳ ತಮ್ಮ ಆವಲಪ್ಪ ಆ ಬೆಳಗಿನ ಜಾವ ಇದೇ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅಳುವುದಕ್ಕೆ ಹೊರಗೆ ಜಗಲಿಯಲ್ಲಿ ಬೇಕಾದಷ್ಟು ಜನ ಸೇರಿದ್ದರು. ನೀರು ಚೆಲ್ಲುವುದು ಮನೆಯ ಹಿರಿಯಳ ಕೆಲಸ, ಅದನ್ನು ಬೇರೆಯವರಿಗೆ ಬಿಡುವ ಹೆಂಗಸಲ್ಲ ಪಾಪಕ್ಕ.

ಅಡುಗೆಮನೆಗೆ ಕಿಟಕಿ ಇರಲಿಲ್ಲ. ಒಲೆಯನ್ನು ಆಗಲೇ ಆರಿಸಿದ್ದರು. ಮೂಲೆಯ ಕಟ್ಟೆಯ ಮೇಲೆ ಎರಡು ಗಾಜಿನ ಜಾಡಿಗಳು, ಅವುಗಳಿಂದ ಹೊರಟ ತಂತಿಯ ತುದಿಯಲ್ಲಿ ಒಂದು ಟಾರ್ಚಿನ ಬಲ್ಬು ಉರಿಯುತ್ತಿತ್ತು. ಚಿಕ್ಕಂದಿನಿಂದ ಹೊಗೆ ತಿಂದು ಮಂಜಾದ ಅವಳ ಕಣ್ಣಿಗೆ ಪಾತ್ರೆ ಯಾವುದು, ಗೋಡೆ ಯಾವುದು ಎಂದು ತೋರಿಸಿದ್ದು ಆ ಬಲ್ಬೇ. ಎಲ್ಲ ಚೆಲ್ಲಿ ಆದ ಮೇಲೆ ಜಾಡಿಗಳ ಮುಂದೆ ನಿಂತಳು. ತಂತಿ ಮುಟ್ಟಬೇಡ ಎಂದು ತಮ್ಮ ಹೇಳಿದ್ದ. ನೀರಿನ ವಿಷಯ ಏನೂ ಹೇಳಿರಲಿಲ್ಲ. ಈ ಮನೆಗೆ ಇನ್ನೂ ಬರದಿದ್ದರೂ, ಊರಿಗೆ ಬಂದ ಕರೆಂಟು ಕಂಬದ ಮೇಲಿನ ತಂತಿಯಲ್ಲಿ ಬಂದದ್ದನ್ನು ಅವಳು ಕಂಡಿದ್ದಳು; ಬಲ್ಬನ್ನು ಉರಿಸುವುದು ತಂತಿಯೇ ಎಂದು ಅವಳ ಎಣಿಕೆ. ಹಾಗಾಗಿ ತಂತಿಗೆ ಕೈ ತಾಗದಂತೆ ಜೋಪಾನವಾಗಿ ಒಂದು ಜಾಡಿಯನ್ನು ಓರೆ ಮಾಡಿದಳು. ನೀರು ಬೆರಳ ಮೇಲೆ ಹರಿದು ಬೋಗುಣಿಗೆ ಬಿತ್ತು. ಬಲ್ಬು ಆರಿತು.

ಸಾವಿನ ಮನೆ, ಎಲ್ಲ ಆರಬೇಕಾದದ್ದೇ ಅಂದುಕೊಂಡು ಕತ್ತಲಲ್ಲೇ ತಡಕಿ ಎರಡನೆಯದನ್ನೂ ಖಾಲಿ ಮಾಡಿ, ಬೋಗುಣಿಯನ್ನು ಬಚ್ಚಲಿಗೆ ಸುರಿದಳು.

"ಒಂದ್ ಹನಿನೂ ಬಿಟ್ಟಿಲ್ಲ ಕಣೋ ಆವ್ಲಾ," ಎಂದು ಅತ್ತಳು. "ನಿನ್ ದಾರಿಗೆ ಒಂದ್ ಹನಿನೂ ಅಡ್ಡ ಬಿಟ್ಟಿಲ್ಲ."

ಜಗಲಿಯಲ್ಲಿ ಆವಲಪ್ಪನ ತಲೆಯ ಬಳಿ ಅವನ ಹೆಂಡತಿ ನರಸಮ್ಮ ಕೂತಿದ್ದಳು. ಪಾಪಕ್ಕ ಬಂದು ಪಕ್ಕದಲ್ಲಿ ಕುಸಿದು ಅವಳ ಕೈ ಹಿಡಿದುಕೊಂಡಳು. ಆ ಕೈ ಜಾರಿತು. ಎಷ್ಟು ಒರೆಸಿದರೂ ಸೋಪು ಮೆತ್ತಿದ ಹಾಗೆ ಜಾರುವ ಆ ಬೆರಳು ನರಸಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಶನಿವಾರ ಸಂಜೆ ಬೆಂಗಳೂರಿನಿಂದ ಬಂದ ಗಂಡನ ಬೆರಳು ಹಾಗೇ ಇರುತ್ತಿತ್ತು.

"ಅಕ್ಕಯ್ಯಾ, ಏನ್ ಚೆಲ್ದೆ ನೀನು?"

"ನೀರು ಕಣೆ. ಎಲ್ಲಾ ಚೆಲ್ದೆ. ಯಾಕೋ ಕೈ ಉರೀತದೆ."

ನರಸಮ್ಮನಿಗೆ ಎದ್ದು ಒಳಗೆ ಓಡಬೇಕೆನಿಸಿತು. ಹೆಣದ ಮುಂದೆ ಕೂತ ಹೆಂಡತಿ ಏಳುವಂತಿಲ್ಲ. "ಪಕ್ಕದ್ ಮನೆ ದ್ಯಾವಮ್ಮನ ಹತ್ರೋಗಿ ಕೈ ತೊಳ್ಕೊಂಬಾ, ಬೇಗ," ಎಂದಷ್ಟೇ ಹೇಳಿದಳು. ಆಮೇಲೆ ಅವಳು ಅತ್ತ ಅಳು ಬೇರೆಯೇ ಆಗಿತ್ತು, ಆದರೆ ಅದು ಯಾರಿಗೂ ಬೇರೆಯಾಗಿ ಕೇಳಲಿಲ್ಲ.

* * *

ಆವಲಪ್ಪ ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಏನು ಮಾಡ್ತೀಯಾ ಎಂದು ಊರವರು ಕೇಳಿದರೆ "ಇದ್ದಿಲು ಸುಡ್ತೀನಿ" ಎನ್ನುತ್ತಿದ್ದ. ಅಷ್ಟು ಓದಿ ಇದ್ದಿಲು ಸುಡೋದಾ ಎಂದು ಅವರು ನಗುತ್ತಿದ್ದರು, ಅವನೂ ನಗುತ್ತಿದ್ದ. ಸುಳ್ಳೇನಲ್ಲ. ತೆಂಗಿನ ಚಿಪ್ಪನ್ನು ಸುಟ್ಟು, ನುಣ್ಣಗೆ ಅರೆದು, ಒತ್ತಿ ಹಲಗೆ ಮಾಡುತ್ತಿದ್ದ. ಆ ಹಲಗೆಯನ್ನೂ ಸತುವಿನ ತಗಡನ್ನೂ ಕೈ ಸುಡುವಂಥ ಕ್ಷಾರದ ನೀರಿನಲ್ಲಿ ನಿಲ್ಲಿಸಿದರೆ ಹಲಗೆ ಗಾಳಿಯನ್ನು ಎಳೆದುಕೊಳ್ಳುತ್ತದೆ, ಸತುವು ನಿಧಾನವಾಗಿ ಸವೆಯುತ್ತದೆ, ಬಲ್ಬು ಉರಿಯುತ್ತದೆ. ಯಾವ ಇದ್ದಿಲು ಹೆಚ್ಚು ಕಾಲ ಬಾಳುತ್ತದೆ ಎಂದು ಹುಡುಕುವುದರಲ್ಲೇ ಅವನ ತಲೆ ನರೆತಿತ್ತು.

ಸೀಮೆಎಣ್ಣೆಗೆ ಡಬ್ಬ ಹಿಡಿದು ಸಾಲು ನಿಲ್ಲುವ ಕಾಲ ಅದು. ಆದರೂ ಪ್ರಯೋಗಶಾಲೆಯ ದೊಡ್ಡ ಸಾಹೇಬರಿಗೆ ಇದರಲ್ಲಿ ನಂಬಿಕೆ ಹೋಗಿತ್ತು. ಇಲ್ಲಿನ ಶುದ್ಧ ಗಾಳಿಯಲ್ಲಿ ಉರಿಯುತ್ತದೆ, ಹಳ್ಳಿ ಮನೆಯ ಹೊಗೆಯಲ್ಲಿ ಹಲಗೆಯ ಉಸಿರು ಕಟ್ಟಿ ತಿಂಗಳೊಳಗೆ ಸಾಯುತ್ತದೆ, ನಿಮ್ಮ ಮೇಜನ್ನು ಬೇರೆಯವರಿಗೆ ಕೊಡಬೇಕು ಎಂದರು. ಆವಲಪ್ಪ ಜಗಳವಾಡಲಿಲ್ಲ. ಸಂಕ್ರಾಂತಿಯ ದಿನ ಎರಡು ಜಾಡಿಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ತಂದು, ಒಲೆಯ ಪಕ್ಕದಲ್ಲೇ ಇಟ್ಟ. ಉಗಾದಿಯವರೆಗೂ ಒಂದು ಗಳಿಗೆಯೂ ಆರದೆ ಉರಿಯಬೇಕು. ಉಗಾದಿಗೆ ಜೊತೆಯ ಕೆಲಸಗಾರ ಚಿನ್ನಸ್ವಾಮಿ ಬಂದು ಕಣ್ಣಾರೆ ನೋಡಿ ಹೋಗಿ ಹೇಳಿದರೆ ಮೇಜು ಉಳಿಯುತ್ತದೆ ಎಂದು ಮಾತಾಗಿತ್ತು.

ಆವತ್ತು ಪಾಪಕ್ಕ ಹಸಿ ಸೌದೆ ಊದುತ್ತಾ, ಕಣ್ಣೊರೆಸಿಕೊಳ್ಳುತ್ತಾ ಕೇಳಿದ್ದಳು:

"ಲೋ, ಅಷ್ಟ್ ಗಾಜಿನ್ ಸಾಮಾನು, ದೇವರ ಮನೇಲಿಡ್ಬಾರ್ದಾ? ಇಲ್ಲಿ ಮಸಿ ಹಿಡಿಯಲ್ವಾ?"

"ಹಿಡೀಲಿ ಅಂತಾನೆ ಇಟ್ಟಿರೋದು. ನೀನು ಚೆನ್ನಾಗಿ ಹೊಗೆ ಹಾಕು."

"ಹೊಗೆ ಹಾಕು ಅಂದೋನು ನೀನೊಬ್ನೇ ಕಣೋ."

"ಈ ಹೊಗೇಲೇ ತಾನೆ ನಿನ್ ಕಣ್ಣು ಹೋಗಿದ್ದು? ಈ ಹೊಗೇಲೇ ಉರೀಬೇಕು. ಇದು ನಿಂಗೇ ಕಣಕ್ಕಾ."

ತಾಯಿ ಸತ್ತಾಗ ಆವಲಪ್ಪ ತೊಟ್ಟಿಲಲ್ಲಿದ್ದ. ಲಂಗ ಉಡುವ ವಯಸ್ಸಿಗೇ ಪಾಪಕ್ಕ ಆ ಒಲೆಯ ಮುಂದೆ ಕೂತಿದ್ದಳು. ತಮ್ಮನ ಮಾತು ಕೇಳಿ ಊದುಗೊಳವೆ ಎತ್ತಿಕೊಂಡು ಇನ್ನಷ್ಟು ಊದಿದಳು. ಜಾಡಿಗೆ ಅವನು ಕೆಂಪು ದಾರ ಸುತ್ತಿದ್ದ. ಶನಿವಾರ ಬಂದವನು ಚೀಲದಿಂದ ಸೀಸೆ ತೆಗೆದು ದಾರದ ಮಟ್ಟಕ್ಕೆ ಬರೀ ನೀರು ಹಾಕುತ್ತಿದ್ದ, ಆವಿಯಾದಷ್ಟನ್ನು ತುಂಬಲು. ಅದನ್ನು ಪಾಪಕ್ಕ ಪ್ರತಿ ವಾರ ನೋಡುತ್ತಿದ್ದಳು. ಕ್ಷಾರದ ವಿಷಯವನ್ನು ಅವನು ನರಸಮ್ಮನಿಗೆ ಮಾತ್ರ ಹೇಳಿದ್ದ. ಅಕ್ಕನಿಗೆ ಹೇಳಿದರೆ ಹೆದರಿ ಅಡುಗೆಮನೆಗೇ ಬರುವುದಿಲ್ಲ ಎಂದು ಅವನ ಲೆಕ್ಕ.

* * *

ಉಗಾದಿಗೆ ಇನ್ನೂ ಕೆಲವು ದಿನ ಇರುವಾಗಲೇ, ಸಾವಿನ ಸುದ್ದಿ ಕೇಳಿ ಚಿನ್ನಸ್ವಾಮಿ ಮಧ್ಯಾಹ್ನದ ದೊಡ್ಡಬಳ್ಳಾಪುರದ ಬಸ್ಸಿಗೆ ಬಂದ. ಹಾರ ಹಾಕಿ, ಆವಲಪ್ಪನ ಪಾದ ಹಿಡಿದು, ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. "ನಮ್ ಸಾರು, ನಮ್ ಸಾರು" ಎನ್ನುವುದು ಬಿಟ್ಟು ಅವನ ಬಾಯಲ್ಲಿ ಬೇರೆ ಮಾತು ಬರಲಿಲ್ಲ.

ಹೊತ್ತು ಇಳಿಯುವ ಮೊದಲು ಮಣ್ಣು ಮಾಡಿದರು. ಚಿಕ್ಕಪ್ಪನ ಮಗ ಆಂಜಿನಪ್ಪ ಮಡಕೆ ಹೊತ್ತ. ಹೊಲದ ಬದಿಯ ಹೊಂಗೆ ಮರದ ಕೆಳಗೆ ಅಗೆದ ಮಣ್ಣು ತಣ್ಣಗಿತ್ತು. ಹಿಡಿ ಮಣ್ಣು ಹಾಕುವಾಗ ಪಾಪಕ್ಕನ ಕೆಂಪಗಾದ ಬೆರಳುಗಳನ್ನು ಆಂಜಿನಪ್ಪ ನೋಡಿ, "ಕೈಗೇನಾಯ್ತಕ್ಕಾ?" ಎಂದ.

"ಏನಿಲ್ಲ ಕಣಪ್ಪಾ. ನೀರು ಚೆಲ್ಲಿದ್ದು."

ಪಕ್ಕದಲ್ಲಿದ್ದ ನರಸಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಮಣ್ಣಿಗೆ ಹೋದವರು ಕಾಲು ತೊಳೆದು ಮನೆಗೆ ಬಂದು ದೀಪ ನೋಡಿ ಹೋಗಬೇಕು. ಪ್ರಾಣ ಹೋದ ಜಾಗದಲ್ಲಿ, ಅಡುಗೆಮನೆಯ ಆ ಕಟ್ಟೆಯ ಕೆಳಗೆ, ದ್ಯಾವಮ್ಮ ಮಣ್ಣಿನ ಹಣತೆ ಹಚ್ಚಿಟ್ಟಿದ್ದಳು. ಒಬ್ಬೊಬ್ಬರೇ ಬಂದು ಕೈ ಮುಗಿದು, ಹೋಗಿ ಬರ್ತೀವಿ ಅನ್ನದೆ ಹೊರಟುಹೋದರು. ಕೊನೆಗೆ ಚಿನ್ನಸ್ವಾಮಿ ಬಂದ. ದೀಪಕ್ಕೆ ಕೈ ಮುಗಿದವನು ತಲೆ ಎತ್ತಿ ಕಟ್ಟೆಯ ಮೇಲಿನ ಆರಿದ ಬಲ್ಬನ್ನು ನೋಡಿದ. ಮುಗಿದ ಕೈ ಹಾಗೇ ನಿಂತಿತು.

"ಅಕ್ಕಾ, ಇದು ಯಾವಾಗ ಆರಿದ್ದು?"

ಗೋಡೆಗೆ ಒರಗಿ ಕೂತಿದ್ದ ನರಸಮ್ಮ ಎದುರು ಗೋಡೆಯ ಬಳಿ ಮುದುಡಿ ಮಲಗಿದ್ದ ಪಾಪಕ್ಕನನ್ನು ನೋಡಿದಳು. ಬೆಳಗಿನಿಂದ ಅವಳು ಹೆದರಿದ್ದು ಇದೇ ಪ್ರಶ್ನೆಗೆ. ನಿಜ ಹೇಳಿದರೆ ತಮ್ಮನ ಕೆಲಸವನ್ನು ಕೈಯಾರೆ ಬಚ್ಚಲಿಗೆ ಸುರಿದೆ ಎಂದು ಈ ಮುದುಕಿಗೆ ಗೊತ್ತಾಗುತ್ತದೆ. ಸುಳ್ಳು ಹೇಳಿದರೆ ಗಂಡ ಸೋತ ಹಾಗಾಗುತ್ತದೆ. ಅವನಾದರೆ ಏನು ಹೇಳುತ್ತಿದ್ದ ಎಂದು ಯೋಚಿಸಿದಳು. ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನಿನ್ನೆ ಸಂಜೇನೇ ಆರೋಯ್ತಪ್ಪಾ. ಹೊಗೆ ತಡೀನಿಲ್ಲ. ಅವ್ರೇ ನೀರು ಚೆಲ್ಬಿಟ್ರು."

ಚಿನ್ನಸ್ವಾಮಿ ಕಟ್ಟೆ ಹಿಡಿದುಕೊಂಡ. "ಅದನ್ನ ನೋಡೇ ಸಾರ್ಗೆ ಎದೆ ಒಡೀತೇನೋ," ಎಂದ.

"ಯಾಕ್ ಸುಳ್ಳೇಳ್ತೀಯೇ ನರಸೀ?" ಪಾಪಕ್ಕ ಎದ್ದು ಕೂತಿದ್ದಳು. ಸತ್ತವನ ಮೇಲೆ ಸಣ್ಣ ಮಾತು ಬಂದರೂ ಅವಳಿಗೆ ತಡೆಯದು. "ನನ್ ತಮ್ಮ ಮಾಡಿದ್ದು ಆರೋಗೋದಾ? ಬೆಳಿಗ್ಗೆ ಉರೀತಿತ್ತು ಕಣಪ್ಪಾ. ಅದರ ಬೆಳಕಲ್ಲೇ ನಾನು ನೀರೆಲ್ಲಾ ಚೆಲ್ಲಿದ್ದು. ಕೊನೇಗೆ ಆ ಜಾಡಿ ಬಗ್ಗಿಸ್ದಾಗ..."

ಅಲ್ಲಿಗೆ ನಿಂತಳು. ತನ್ನ ಬೆರಳುಗಳನ್ನು ಹಣತೆಯ ಬೆಳಕಿಗೆ ಹಿಡಿದು ನೋಡಿಕೊಂಡಳು.

"ಆ ನೀರಿಂದ್ಲಾ ಅದು ಉರೀತಿದ್ದಿದ್ದು?"

ನರಸಮ್ಮ ತೆವಳಿಕೊಂಡು ಬಂದು ಅವಳ ಬೆನ್ನಿನ ಮೇಲೆ ಕೈ ಇಟ್ಟಳು.

"ನಾಳೆ ಸಾಹೇಬ್ರಿಗೆ ಹೇಳ್ತೀನಮ್ಮಾ," ಎಂದ ಚಿನ್ನಸ್ವಾಮಿ, "ಇವತ್ ಬೆಳಿಗ್ಗೆವರ್ಗೂ ಉರೀತಿತ್ತು ಅಂತ."

"ನಂಬ್ತಾರೇನಪ್ಪಾ?" ಎಂದಳು ಪಾಪಕ್ಕ.

"ನೀನು ನೋಡಿದ್ಯಾ ಅಂತ ಕೇಳ್ತಾರೆ." ಅವನು ಕನ್ನಡಕ ತೆಗೆದು ಒರೆಸಿಕೊಂಡ. "ನಾನು ನೋಡ್ಲಿಲ್ವಲ್ಲಮ್ಮಾ."

ಕೊನೆಯ ಬಸ್ಸಿಗೆ ಅವನು ಹೊರಟ. ದ್ಯಾವಮ್ಮ ಬಾವಿಯಿಂದ ಹೊಸ ನೀರು ಸೇದಿ ತಂದು ಬಿಂದಿಗೆಯನ್ನು ಅಡುಗೆಮನೆಯ ಹೊಸ್ತಿಲೊಳಗೆ ಇಟ್ಟು ಹೋದಳು. ಬೆಳಗಿನಿಂದ ಆ ಮನೆಯಲ್ಲಿ ಯಾರೂ ಒಂದು ತೊಟ್ಟು ಕುಡಿದಿರಲಿಲ್ಲ.

ಪಾಪಕ್ಕ ಗೋಡೆ ಹಿಡಿದು ಎದ್ದಳು. ಚೊಂಬಿನಲ್ಲಿ ನೀರು ತುಂಬಿಕೊಂಡು ಕಟ್ಟೆಯ ಹತ್ತಿರ ಹೋದಳು. ಬೆರಳಿನಿಂದ ಕೆಂಪು ದಾರವನ್ನು ಹುಡುಕಿ, ಒಂದು ಹನಿ ಹೊರಗೆ ಬೀಳದಂತೆ ದಾರದ ಮಟ್ಟಕ್ಕೆ ಮೊದಲ ಜಾಡಿ ತುಂಬಿಸಿದಳು. ಮತ್ತೆ ಬಂದು ತುಂಬಿಕೊಂಡು ಹೋಗಿ ಎರಡನೆಯದನ್ನೂ ತುಂಬಿಸಿದಳು.

ಬರೀ ನೀರಿಗೆ ಅದು ಹೊತ್ತುವುದಿಲ್ಲವೆಂದು ನರಸಮ್ಮನಿಗೆ ಗೊತ್ತಿತ್ತು. ಅವಳೂ ಎದ್ದು ಹೋಗಿ ಪಕ್ಕದಲ್ಲಿ ನಿಂತಳು.

ಪಾಪಕ್ಕ ಬಗ್ಗಿ ಬಲ್ಬಿನ ತೀರ ಹತ್ತಿರಕ್ಕೆ ಮುಖ ತಂದಳು. ಕೆಳಗಿನ ಹಣತೆಯ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಅದಕ್ಕೆ ತನ್ನ ಸುಟ್ಟ ಅಂಗೈಯನ್ನು ಅಡ್ಡ ಹಿಡಿದು, ಕತ್ತಲು ಮಾಡಿಕೊಂಡು, ಕಾಯುತ್ತಾ ನಿಂತಳು.