ಟಪಾಲು ಬೈರಯ್ಯನ ಎದೆ

ಡಾಕ್ಟರು ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದೇ ಕಾಂಪೌಂಡರ್ ಕೆಲಸ. ನಾನೂ ಹೂಂಗುಟ್ಟಿದೆ. ಆ ಪಾಪ ಇನ್ನೂ ನನ್ನನ್ನು ಚುಚ್ಚುತ್ತದೆ.

ಐವತ್ತಾರನೇ ಇಸವಿ. ಚನ್ನರಾಯಪಟ್ಟಣದಲ್ಲಿ ಈಶ್ವರಯ್ಯ ಡಾಕ್ಟರ ಶಾಪಿನಲ್ಲಿ ನಾನಿದ್ದೆ. ಬೈರಯ್ಯ ದಂಡಿಗನಹಳ್ಳಿ ಕಡೆಗೆ ಟಪಾಲು ಚೀಲ ಹೊತ್ತು ಓಡುವವನು. ಹೋಗಿ ಬರಲು ಹದಿನೆಂಟು ಮೈಲಿ. ಇಪ್ಪತ್ತು ವರ್ಷದಿಂದ ಅದೇ ಓಟ. ನೌಕರಿ ಉಳಿಯಬೇಕಾದರೆ ಡಾಕ್ಟರ ಸರ್ಟಿಫಿಕೇಟ್ ಬೇಕೆಂದು ಮೇಲಿನಿಂದ ಆರ್ಡರಾಗಿತ್ತು. ಅದಕ್ಕೆಂದೇ ಹೆಂಡತಿ ಮುದ್ದಮ್ಮನ ಜೊತೆ ಬಂದಿದ್ದ.

ಡಾಕ್ಟರು ಆಗಷ್ಟೇ ಓದು ಮುಗಿಸಿ ಬಂದವರು. ಬೈರಯ್ಯನ ನಾಡಿ ಹಿಡಿದರು. ನಿಮಿಷಕ್ಕೆ ನಲವತ್ತೆರಡು. ಗಡಿಯಾರವೇ ಕೆಟ್ಟಿತೇನೋ ಎಂದು ಕಿವಿಗಿಟ್ಟು ನೋಡಿದರು, ಪಕ್ಕದಲ್ಲಿದ್ದ ಮುದ್ದಮ್ಮನ ನಾಡಿಯನ್ನೂ ಎಣಿಸಿದರು. ಅವಳದು ಎಪ್ಪತ್ತಾರು. ಗಡಿಯಾರ ಸರಿಯಾಗಿಯೇ ಇತ್ತು. ಬೈರಯ್ಯನ ಎದೆ ತಟ್ಟಿ ನೋಡಿ, ಹೃದಯ ಊದಿದೆ, ಬಲ ಕುಂದಿದೆ, ಓಡಿದರೆ ದಾರಿಯಲ್ಲೇ ಪ್ರಾಣ ಹೋದೀತು, ಮೂರು ತಿಂಗಳು ಮಲಗಿದ್ದು ಬಾ ಎಂದರು. ಒಂದು ದಿನವೂ ತಲೆನೋವು ಅಂದವನಲ್ಲ ಅವನು. ಪುಸ್ತಕದಲ್ಲಿ ಕಾಣದ್ದೆಲ್ಲ ರೋಗವೆಂದು ನಮ್ಮ ಡಾಕ್ಟರು ನಂಬಿದ್ದರು.

ರಜೆ ಹಾಕಿದವನು ತನ್ನ ಕಡೆಯವರನ್ನೇ ಬದಲಿಗೆ ಕೊಡಬೇಕಿತ್ತು. ಮನೆಯಲ್ಲಿ ಇನ್ನಾರೂ ಇರಲಿಲ್ಲ. ಪೋಸ್ಟ್ ಮಾಸ್ಟರು ಗೊಣಗುತ್ತಿದ್ದಂತೆಯೇ ಮುದ್ದಮ್ಮ ಸೆರಗು ಸಿಕ್ಕಿಸಿ ಚೀಲ ಹೊತ್ತಳು. ಹೆಂಗಸು ಟಪಾಲು ತಂದಳೆಂದು ದಾರಿಯ ಹಳ್ಳಿಗಳಲ್ಲಿ ನಕ್ಕರು; ನಕ್ಕವರೇ ವಾರ ಕಳೆಯುವುದರೊಳಗೆ ಕರೆದು ಮಜ್ಜಿಗೆ ಕೊಟ್ಟರು. ಇತ್ತ ಬೈರಯ್ಯ ಗೋಡೆಗೆ ಮುಖ ಮಾಡಿ ಮಲಗಿದ. ಎದ್ದು ನೀರು ಕುಡಿಯಲೂ ಹೆದರುತ್ತಿದ್ದನಂತೆ. ಅದನ್ನು ಕೇಳಿಯೂ ನಾನು ಡಾಕ್ಟರ ಮಾತಿಗೆ ಹೂಂಗುಟ್ಟುತ್ತಲೇ ಇದ್ದೆ.

ಮೂರು ತಿಂಗಳಾದ ಮೇಲೆ ಇಬ್ಬರೂ ಬಂದರು. ಬೈರಯ್ಯನ ನಾಡಿ ಅರವತ್ತಕ್ಕೆ ಏರಿತ್ತು. ವಿಶ್ರಾಂತಿಯಿಂದ ಗುಣವಾಯಿತೆಂದು ಡಾಕ್ಟರು ಬೀಗಿದರು. ಆದರೂ ಓಟ ಇನ್ನು ಬೇಡ, ಆ ನೌಕರಿ ಬಿಡುವುದೇ ಒಳ್ಳೆಯದು ಎನ್ನುತ್ತ ಹಾಗೆಂದು ಬರೆದುಕೊಡಲು ಪೆನ್ನು ತೆಗೆದರು. ಬೈರಯ್ಯ ನೆಲ ನೋಡುತ್ತ ಕೂತ.

ಆಗ ಮುದ್ದಮ್ಮ ಕೈ ಚಾಚಿದಳು. ಚೀಲ ಹೊತ್ತು ತನಗೂ ಅದೇ ರೋಗ ಹತ್ತಿತೇನೋ ಎಂಬ ಅಂಜಿಕೆ ಅವಳಿಗೆ. ಡಾಕ್ಟರು ಎಣಿಸಿದರು. ಐವತ್ತೆರಡು. ಮತ್ತೆ ಎಣಿಸಿದರು. ತಲೆಸುತ್ತು, ಉಬ್ಬಸ ಏನಾದರೂ ಇದೆಯೇ ಎಂದು ಕೇಳಿದರು. ಅಂಥದ್ದೇನಿಲ್ಲ, ಮೊದಲು ಏದುಸಿರು ಬಿಡುತ್ತಿದ್ದ ದಿಣ್ಣೆಯನ್ನು ಈಗ ಒಂದೇ ಉಸಿರಿಗೆ ಹತ್ತುತ್ತೇನೆ ಎಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ವಯಸ್ಸು ಚಿಕ್ಕದಾದರೂ ಮನುಷ್ಯ ದೊಡ್ಡವರು.

"ತಪ್ಪಾಯ್ತು ಕಣಯ್ಯ, ಬೈರಯ್ಯ. ನಿನ್ನ ಎದೇಲಿ ರೋಗ ಇಲ್ಲ. ಓಡಿ ಓಡಿ ಬಲಿತಿದೆ ಅಷ್ಟೆ. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುತ್ತೆ, ಅದಕ್ಕೇ ನಿಧಾನ."

ಓಡಲು ಅಡ್ಡಿಯಿಲ್ಲವೆಂದು ಸರ್ಟಿಫಿಕೇಟ್ ಬರೆದುಕೊಟ್ಟರು. ಬೈರಯ್ಯ ಅದನ್ನು ಕಣ್ಣಿಗೊತ್ತಿಕೊಂಡ. ಆದರೂ ಡಾಕ್ಟರಿಗೆ ಒಂದು ವಿಷಯ ಅರ್ಥವಾಗಲಿಲ್ಲ. ಮೂರೇ ತಿಂಗಳಲ್ಲಿ ನಾಡಿ ಇಷ್ಟು ಇಳಿಯಬೇಕಾದರೆ ಹದಿನೆಂಟು ಮೈಲಿಯನ್ನೂ ಓಡಿದೆಯಾ ಎಂದು ಮುದ್ದಮ್ಮನನ್ನು ಕೇಳಿದರು.

ಅವಳು ಗಂಡನ ಕಡೆ ನೋಡದೆ ಹೇಳಿದಳು: "ಓಗೋವಾಗ ನಡ್ಕೊಂಡೇ ಓಯ್ತಿದ್ದೆ ಸಾ. ಬರೋವಾಗ ಓಡ್ತಿದ್ದೆ. ಮನೇಲಿ ಇವ್ರು ಉಸ್ರಾಡ್ತಾವ್ರೋ ಇಲ್ವೋ ಅಂತ."