ಹೊಂಗೆ ಗಿಡಕ್ಕೆ ಹುಳದ ನೀರು

ನಗರಸಭೆಯವರು ಮನೆ ಮುಂದಿನ ತಿಪ್ಪೆ ಎತ್ತಿಸಿದ ದಿನ ಇಡೀ ವಠಾರ ಹಿಗ್ಗಿದರೆ, ಚಿನ್ನಮ್ಮ ಒಬ್ಬಳು ತಲೆ ಮೇಲೆ ಕೈಹೊತ್ತು ಕೂತಳು. ಅಯ್ಯೋ, ತಿಪ್ಪೆಗೂ ಅಳುವವರುಂಟೇ ಎಂದು ನಗಬೇಡಿ. ಬಿಡದಿ ಕಡೆಯ ಫ್ಯಾಕ್ಟರಿಗಳಿಗೆ ಬಂದವರೆಲ್ಲ ರಾಮನಗರದಲ್ಲಿ ಮನೆಗಾಗಿ ಬಾಯಿ ಬಿಡುತ್ತಿದ್ದ ಕಾಲ ಅದು. ಊರಲ್ಲೆಲ್ಲ ಬಾಡಿಗೆ ಏರಿದರೂ ಈ ವಠಾರದಲ್ಲಿ ಏರಿರಲಿಲ್ಲ. ಅದಕ್ಕೆ ಮಾಲೀಕ ಬೋರಲಿಂಗಯ್ಯನ ಧರ್ಮಬುದ್ಧಿ ಕಾರಣವಲ್ಲ, ತಿಪ್ಪೆಯ ನಾತ ಕಾರಣ.

ತಿಪ್ಪೆ ಹೋಗಿ ಉಪ್ಪರಿಗೆ ಆಯ್ತು ಅಂತಾರಲ್ಲ, ಇಲ್ಲಿ ಪಾರ್ಕಾಯಿತು. ಹುಲ್ಲು, ಕಲ್ಲುಬೆಂಚು, ಚಿನ್ನಮ್ಮನ ಬಾಗಿಲಿಗೆ ನೇರವಾಗಿ ಒಂದು ಹೊಂಗೆ ಗಿಡ. ಪಕ್ಕದಲ್ಲಿ ‘ಗಿಡಗಳನ್ನು ಪೋಷಿಸಿ, ಬಟ್ಟೆ ಒಣಗಿಸಬೇಡಿ’ ಎಂಬ ಬೋರ್ಡು ಬೇರೆ.

“ನೆಳ್ಳು ಬತ್ತದೆ ಬುಡು,” ಎಂದಳು ಪಕ್ಕದ ಮನೆಯ ಗುಲ್ಜಾರ್ ಬೀ.

“ಗಿಡ ಗೇಣು ಬೆಳುದ್ರೆ ಬಾಡ್ಗೆ ಮಾರು ಬೆಳೀತದೆ. ಆ ನೆಳ್ಳಲ್ಲಿ ಕೂರೋರು ಬ್ಯಾರೆಯೋರು. ನಾವು ಗಂಟುಮೂಟೆ ಕಟ್ಟದೇಯ.”

ಸರಿ, ಗಿಡ ಸಾಯಲೇಬೇಕು ಎಂದು ಚಿನ್ನಮ್ಮ ತೀರ್ಮಾನಿಸಿದಳು. ಅವಳು ಕೆಲಸ ಮಾಡುತ್ತಿದ್ದದ್ದು ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ. ಗೂಡು ಬೇಯಿಸಿದ ನೀರಿನಲ್ಲಿ ದಿನವೆಲ್ಲ ಕೈಯಾಡಿಸಿ ಬೆರಳ ಚರ್ಮ ಸುಲಿದುಹೋಗಿತ್ತು. ನನ್ನ ಚರ್ಮಾನೇ ತಿಂದ ನೀರು ಈ ಚೋಟುದ್ದ ಗಿಡಾನ ಬಿಡುತ್ತದೆಯೇ ಎಂದುಕೊಂಡು, ಸತ್ತ ಹುಳ ತೇಲುವ ಆ ನೀರನ್ನು ದಿನಾ ಸಂಜೆ ಒಂದು ಕೊಡ ತಂದು ಬುಡಕ್ಕೆ ಸುರಿದಳು. ಪಾಪಿ ಗಿಡ ಸಾಯುವುದಿರಲಿ, ಬಾಣಂತಿ ಊಟ ಸಿಕ್ಕಂತೆ ಕೊಬ್ಬಿತು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಹೆಂಚಿನ ಎತ್ತರಕ್ಕೆ ಬಂತು. ಚಿನ್ನಮ್ಮ ಸೋತು ಕೊಡ ಕೆಳಗಿಟ್ಟಳು. ಅವರೆಕಾಯಿ ಸುಲಿಯಲು ಒಂದು ದಿನ ಅದರಡಿ ಕೂತವಳಿಗೆ ತಂಗಾಳಿ ತಗುಲಿ ಏಳಲು ಮನಸ್ಸೇ ಬರಲಿಲ್ಲ. ಕೊಲ್ಲಹೊರಟ ಗಿಡದ ಮೇಲೇ ಅವಳಿಗೆ ಪ್ರೀತಿ ಹುಟ್ಟಿತ್ತು.

ಅಷ್ಟರಲ್ಲಿ ಬೋರಲಿಂಗಯ್ಯ ಬಂದ. “ನಾಳೆ ಸಾಯಂಕಾಲ ಫ್ಯಾಕ್ಟ್ರಿಯೋರು ಮನೆ ನೋಡಕ್ಕೆ ಬತ್ತಾರೆ. ಪಾರ್ಕ್ ಮುಂದ್ಗಡೆ ಮನೇನೇ ಬೇಕಂತೆ. ನೀನು ಬ್ಯಾರೆ ಕಡೆ ನೋಡ್ಕೊ.”

ಚಿನ್ನಮ್ಮ ಗಿಡದ ಕಡೆ ನೋಡಿದಳು, ಕೊಡದ ಕಡೆ ನೋಡಿದಳು.

ಮರುದಿನ ಸಂಜೆ ಫ್ಯಾಕ್ಟರಿಯ ಮನೋಹರ್ ಹೆಂಡತಿ ಶ್ವೇತಾಳೊಡನೆ ಬಂದಾಗ ಚಿನ್ನಮ್ಮ, ಗುಲ್ಜಾರ್ ಬೀ ಇಬ್ಬರೂ ಪೂಜೆಗೆ ನಿಂತವರಂತೆ ಭಕ್ತಿಯಿಂದ ಹುಳದ ನೀರು ಹುಯ್ಯುತ್ತಿದ್ದರು. ಶ್ವೇತಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಇದೇನಮ್ಮ ವಾಸನೆ?”

“ಗಿಡಕ್ಕೆ ಗೊಬ್ಬರದ ನೀರು ಕಣವ್ವ. ಎಂಗೆ ಬೆಳ್ದದೆ ನೋಡಿ.”

“ದಿನಾ ಹಾಕ್ತೀರಾ?”

“ದಿನಾ.”

ಗಂಡ ಹೆಂಡತಿ ಮನೆಯೊಳಗೆ ಕಾಲಿಡದೆ ಬೈಕು ಹತ್ತಿದರು. ಬೋರಲಿಂಗಯ್ಯ ಹಲ್ಲು ಕಡಿದ. “ನಾಳೆಯಿಂದ ಇದ್ನ ನಿಲ್ಸು.”

“ಪೋಷಿಸಿ ಅಂತ ಬೋರ್ಡ್ ಐತಲ್ಲ ಸ್ವಾಮಿ. ಒಣಗುಸ್ಬುಡು ಅಂತ ನೀವಂದ್ರಿ, ಒಣಗುಸ್ಲಾ ಅಂತ ನಗರಸಭೇಲೇ ಕೇಳ್ಕೊಂಡ್ ಬತ್ತೀನಿ.”

ಬೋರಲಿಂಗಯ್ಯ ಬೋರ್ಡನ್ನು ಒಮ್ಮೆ ನೋಡಿ ಹೊರಟುಹೋದ.

ಗೆದ್ದವರಿಬ್ಬರೂ ಹೊಂಗೆಯಡಿ ಬೆಂಚಿನ ಮೇಲೆ ಕೂತರು. ಗುಲ್ಜಾರ್ ಬೀ ದುಪಟ್ಟಾದಿಂದ ಮೂಗು ಒತ್ತಿ ಹಿಡಿದಿದ್ದಳು.

“ನಾತ ತಡಿಯಕ್ಕಾಯ್ತಿಲ್ಲ ಕಣೇ.”

“ಒಸಿ ತಡ್ಕೊ,” ಎಂದಳು ಚಿನ್ನಮ್ಮ. “ನಾತ ಇರೋಗಂಟ ನೆಳ್ಳು ನಮ್ದು.”