ನಲವತ್ತೊಂದನೆಯ ಪ್ರಶ್ನೆ

ಮನೆಮಂದಿ ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳುತ್ತಾರೋ ಇಲ್ಲವೋ ಎಂದು ತಿಳಿಯಲು ಸರ್ಕಾರ ಮೂರು ವರ್ಷದ ಅನುದಾನ ಕೊಟ್ಟಿತ್ತು. ಯಾವ ಮನೆಯ ಗೋಡೆಗೆ ಕಿವಿಗೊಟ್ಟಿದ್ದರೂ ಮೂರು ನಿಮಿಷದಲ್ಲಿ ತಿಳಿಯುತ್ತಿತ್ತು. ಆದರೆ ಅದು ಸಂಶೋಧನೆಯಲ್ಲ; ಅರವತ್ತನಾಲ್ಕು ಪ್ರಶ್ನೆಗಳ ಫಾರಂ ತುಂಬಿಸುವುದು ಸಂಶೋಧನೆ. ಫಾರಂ ಬರೆದವರು ಪ್ರೊಫೆಸರು. ಅದನ್ನು ಹೊತ್ತು ಆರುನೂರು ಮನೆಗಳ ಮೆಟ್ಟಿಲು ಹತ್ತಿದವಳು ಸಮೀಕ್ಷಕಿ. ಪ್ರೊಫೆಸರಿಗೆ ಮೆಟ್ಟಿಲೆಂದರೆ ಮಂಡಿನೋವು, ಜನರೆಂದರೆ ತಲೆನೋವು.

ಅವಳದು ಗುತ್ತಿಗೆಯ ಕೆಲಸ. ಯೋಜನೆ ಇನ್ನೂ ಮೂರು ವರ್ಷ ಮುಂದುವರಿದರೆ ಅವಳಿಗೂ ಕೆಲಸ, ಇಲ್ಲದಿದ್ದರೆ ಮನೆ. ಅದನ್ನು ತೀರ್ಮಾನಿಸಲು ಅಂದು ಬೆಳಿಗ್ಗೆ ಐದು ಜನ ತಜ್ಞರ ಸಮಿತಿ ಬಂದು ಕೂತಿತ್ತು. ಕೇಳಿಸಿಕೊಳ್ಳುವುದರ ಮಹತ್ವದ ಬಗ್ಗೆ ಪ್ರೊಫೆಸರು ನಲವತ್ತು ನಿಮಿಷ ಕೊರೆದರು. ಆ ಹೊತ್ತಿನಲ್ಲಿ ಒಬ್ಬ ತಜ್ಞರು ಸೊಗಸಾಗಿ ತೂಕಡಿಸಿದರು, ಇಬ್ಬರು ಫೋನಿನಲ್ಲಿ ಮುಳುಗಿದ್ದರು.

"ಕೊನೆಗೆ ಒಂದೇ ಒಂದು ಉತ್ತರ ಓದ್ತೀನಿ," ಎಂದರು ಪ್ರೊಫೆಸರು. "ನಲವತ್ತೊಂದನೇ ಪ್ರಶ್ನೆ. ಮನೇಲಿ ನಿಮ್ಮ ಮಾತು ಯಾರು ಕೇಳ್ತಾರೆ? ಮಗ, ಸೊಸೆ ಜೊತೆ ಇರೋ ಒಬ್ಬ ವೃದ್ಧೆ ಹೇಳಿದ್ದು ನೋಡಿ."

ಪರದೆಯ ಮೇಲೆ ಕೈಬರಹದ ಉತ್ತರ ಮೂಡಿತು. 'ಯಾರೂ ಇಲ್ಲ. ಇವತ್ತು ಈ ಹುಡುಗಿ ಕೇಳ್ತಿದಾಳೆ, ಕೈಲಿ ಫಾರಂ ಇದೆ ಅಂತ. ಪ್ರಶ್ನೆ ಮುಗಿದ್ರೆ ಎದ್ದು ಹೋಗ್ತಾಳೆ. ಅದಕ್ಕೇ ನಿಧಾನವಾಗಿ ಹೇಳ್ತಿದೀನಿ.'

ಹಿಂದಿನ ಸಾಲಿನಲ್ಲಿ ಕೂತಿದ್ದ ಸಮೀಕ್ಷಕಿ ಅದನ್ನು ಇನ್ನೊಮ್ಮೆ ಓದಿದಳು. ಅಕ್ಷರ ಅವಳದೇ. ಮಾತು ಅವಳ ಅತ್ತೆಯದು.

ಸಮೀಕ್ಷೆಗೆ ಹೊರಡುವ ಮುನ್ನ ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಲು ಮನೆಯಲ್ಲೇ ಒಂದು ಫಾರಂ ತುಂಬಿಸಬೇಕೆಂದು ನಿಯಮವಿತ್ತು. ಅದು ಲೆಕ್ಕಕ್ಕಿಲ್ಲ. ಅವಳು ಅತ್ತೆಯನ್ನು ಕೂರಿಸಿಕೊಂಡು, ಫಾರಮ್ಮಿನ ಮೇಲೆ ಪೆನ್ಸಿಲಿನಲ್ಲಿ 'ಪ್ರಯೋಗ' ಎಂದು ಬರೆದು, ಗಡಿಯಾರದ ಮೇಲೆ ಕಣ್ಣಿಟ್ಟು ಹೇಳಿದ್ದನ್ನೆಲ್ಲ ಗೀಚಿಕೊಂಡಿದ್ದಳು. ಒಂದು ಗಂಟೆ ನಲವತ್ತು ನಿಮಿಷ ಹಿಡಿದಿತ್ತು. ಮರುದಿನ ಆಫೀಸಿನಲ್ಲಿ, "ನಮ್ಮತ್ತೆ ಮಾತು ಎಳೀತಾರಪ್ಪ," ಎಂದು ದೂರಿದ್ದಳು. ಪೆನ್ಸಿಲಿನ ಬರಹ ಫಾರಮ್ಮುಗಳ ಕಟ್ಟಿನೊಳಗೆ ಉಜ್ಜಿ ಅಳಿಸಿಹೋಯಿತು, ಕಂಪ್ಯೂಟರಿನವನು ಆ ಫಾರಮ್ಮನ್ನೂ ಸೇರಿಸಿಬಿಟ್ಟ. ಪ್ರತಿ ಅಕ್ಷರವನ್ನೂ ಅವಳೇ ಬರೆದಿದ್ದಳು, ಒಂದೂ ಕಿವಿಗೆ ಬಿದ್ದಿರಲಿಲ್ಲ. ಅವಳಿಗೆ ತೀರಾ ನಾಚಿಕೆಯಾಯಿತು.

"ಎಂಥಾ ಸೊಸೆ ಇರಬೇಕು ರೀ ಅವಳು," ಎಂದರು ಸಮಿತಿಯ ಅಧ್ಯಕ್ಷರು, ಫೋನು ಕೆಳಗಿಟ್ಟು.

"ಆ ಮನೆಗೆ ಹೋಗಿದ್ದು ಇವರೇ," ಎಂದು ಪ್ರೊಫೆಸರು ಇವಳತ್ತ ತಿರುಗಿದರು. "ಹೇಳಮ್ಮ, ಆ ಸೊಸೆ ಸಿಕ್ಕಿದ್ಲಾ?"

ಮನೆಯಲ್ಲಿರಲಿಲ್ಲ ಸಾರ್ ಎಂದರೆ ಮುಗಿಯಿತು. ಮೂರು ವರ್ಷ ನಿಶ್ಚಿಂತೆ.

"ಅದು ನಾನೇ ಸಾರ್," ಎಂದಳು. "ನಮ್ಮತ್ತೆ ಹೇಳಿದ್ದು. ಲೆಕ್ಕಕ್ಕೆ ಸೇರಬಾರದಾಗಿದ್ದ ಫಾರಂ."

ತೂಕಡಿಸುತ್ತಿದ್ದವರಿಗೂ ಎಚ್ಚರವಾಯಿತು. ಅವಳನ್ನು ಹೊರಗೆ ಕೂರಿಸಿ ಸಮಿತಿ ಒಂದು ಗಂಟೆ ಚರ್ಚಿಸಿತು. ಅಷ್ಟು ಹೊತ್ತಿನಲ್ಲಿ ಯಾರೂ ಅವಳನ್ನು ಏನೂ ಕೇಳಲಿಲ್ಲ. ಯೋಜನೆ ಮೂರು ವರ್ಷ ಮುಂದುವರಿಯಿತು. ಸಮೀಕ್ಷಕಿಗೆ ವಸ್ತುನಿಷ್ಠತೆ ಸಾಲದೆಂದು ಅವಳ ಗುತ್ತಿಗೆ ಮಾತ್ರ ಅಲ್ಲಿಗೇ ಮುಗಿಯಿತು. ಫಾರಮ್ಮನ್ನು ಲೆಕ್ಕದಿಂದ ತೆಗೆದರು. ಅದರ ಮಾತನ್ನು ವರದಿಯ ಮುಖಪುಟಕ್ಕೆ ಹಾಕಿಕೊಂಡರು. "ಅಷ್ಟು ಚೆನ್ನಾಗಿರೋದನ್ನ ಬಿಡೋಕೆ ಮನಸ್ಸು ಬರಲ್ಲ," ಎಂದರು ಪ್ರೊಫೆಸರು.

ಮೂರು ಗಂಟೆಗೆಲ್ಲ ಅವಳು ಮನೆ ಸೇರಿದಳು. ಅತ್ತೆ ಕಿಟಕಿಯ ಬಳಿ ಒಣಗಿದ ಬಟ್ಟೆ ಮಡಚುತ್ತಿದ್ದರು. ಇವಳು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಅತ್ತೆ ಅರ್ಧ ಮಡಚಿದ ಹೊದಿಕೆಯನ್ನು ಬದಿಗಿಟ್ಟು, ಕೂದಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿದರು.

"ಹೂಂ, ಕೇಳು. ಈ ಸಲ ಎಷ್ಟು ಪ್ರಶ್ನೆ?"

"ಪ್ರಶ್ನೆ ಏನೂ ಇಲ್ಲ ಅತ್ತೆ. ಸುಮ್ನೆ ಕೂತೆ."

ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ ಗಾಬರಿಯಿಂದ ಕೈ ಚಾಚಿ, ಜ್ವರವಿದೆಯೇ ಎಂದು ಅವಳ ಹಣೆ ಮುಟ್ಟಿ ನೋಡಿದರು.